ಗದ್ದೆಗೆ ತೊಡಿಸಿದ ಬಳೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಒಂದೇ ವರ್ಷ ಇಬ್ಬರು ಬಸುರಿಯರಿದ್ದರು. ಒಬ್ಬಳು ಅಕ್ಕ. ಇನ್ನೊಬ್ಬಳು ಮನೆ ಮುಂದಿನ ಗದ್ದೆ. ಇಬ್ಬರ ಮೇಲೂ ನನಗೆ ತಡೆಯಲಾರದಷ್ಟು ಹೊಟ್ಟೆಕಿಚ್ಚು.

ನಗಬೇಡಿ ಮಕ್ಕಳೇ, ಗದ್ದೆ ಬಸುರಿಯಾಗುವುದು ನಿಜ. ನವರಾತ್ರಿ ಕಳೆದು ಹುಣ್ಣಿಮೆ ಹತ್ತಿರ ಬರುವಾಗ ಭತ್ತದ ದಂಟು ಮೇಲ್ಗಡೆ ಸ್ವಲ್ಪ ಉಬ್ಬುತ್ತದೆ. ಒಳಗೆ ಎಳೆ ತೆನೆ ಮುದುರಿಕೊಂಡು ಮಲಗಿರುತ್ತದೆ. ಅದಕ್ಕೆ ಹೊಡೆ ಅನ್ನುತ್ತೇವೆ. ಬಸುರಿ ಹೆಣ್ಣುಮಕ್ಕಳಿಗೆ ಬಯಕೆ ಊಟ ಹಾಕಿ, ಸೀರೆ ಉಡಿಸಿ, ಬಳೆ ತೊಡಿಸುತ್ತಾರಲ್ಲ, ಭೂಮಿ ಹುಣ್ಣಿಮೆಯ ಬೆಳಗ್ಗೆ ಗದ್ದೆಗೂ ಹಾಗೆಯೇ ಮಾಡುತ್ತೇವೆ. ಆಮೇಲೆ ಕೊಯ್ಲಿನ ತನಕ ಯಾರೂ ಗದ್ದೆಗೆ ಕತ್ತಿ ತಾಗಿಸುವಂತಿಲ್ಲ. ಅಂಚಿನ ಮೇಲೆ ಚಪ್ಪಲಿ ಮೆಟ್ಟುವಂತಿಲ್ಲ, ಅಲ್ಲಿ ನಿಂತು ಜಗಳ ಆಡುವಂತಿಲ್ಲ. ಬಸುರಿಗೆ ಬೇಜಾರಾಗುತ್ತದೆ ಅಂತ ಅಪ್ಪ ಹೇಳುತ್ತಿದ್ದ.

ನಮ್ಮ ಮನೆ ಕಡಹಿನಬೈಲಿನಲ್ಲಿ. ಅಕ್ಕನನ್ನು ಮೇಗುಂದದ ಕಡೆ ಕೊಟ್ಟಿದ್ದರು. ಅವಳಿಗೆ ಏಳು ತಿಂಗಳು. ಹಬ್ಬಕ್ಕೆಂದು ಬಂದಿದ್ದಳು, ಹಬ್ಬದ ಮಾರನೆಯ ದಿನ ಭಾವ ಬಂದು ವಾಪಸು ಕರೆದುಕೊಂಡು ಹೋಗುವುದು ಅಂತ ಮಾತಾಗಿತ್ತು. ಅವಳು ಬಂದದ್ದೇ ಬಂದದ್ದು, ಮನೆಯಲ್ಲಿ ನಾನೊಬ್ಬಳು ಇದ್ದೇನೆ ಅನ್ನುವುದೇ ಎಲ್ಲರಿಗೂ ಮರೆತು ಹೋಯಿತು. ಅಮ್ಮನ ಪಕ್ಕ ನಾನು ಮಲಗುತ್ತಿದ್ದ ಜಾಗ ಅವಳಿಗೆ. ಹಾಲಿನ ಕೆನೆ ಅವಳಿಗೆ. ಒಲೆಯ ಹತ್ತಿರದ ಬೆಚ್ಚಗಿನ ಮಣೆಯೂ ಅವಳಿಗೆ. ನಾನು ಮುಖ ಊದಿಸಿದರೆ ಅಮ್ಮ, “ಅವಳು ಎರಡು ಜೀವ ಮಾರಾಯ್ತಿ. ನಿಂಗೆ ಎಂತ ಆಗಿದೆ?” ಅನ್ನುತ್ತಿದ್ದಳು. ಎಂತ ಆಗಿದೆ ಅಂತ ನನಗಾದರೂ ಗೊತ್ತಿದ್ದರೆ ಹೇಳುತ್ತಿದ್ದೆ.

ಹಬ್ಬದ ಹಿಂದಿನ ಸಂಜೆ ಅಪ್ಪ ನರಸಿಂಹರಾಜಪುರದ ಪೇಟೆಯಿಂದ ಬಂದ. ಚೀಲದಲ್ಲಿ ಕಾಗದ ಸುತ್ತಿದ ಎರಡು ಕಟ್ಟು ಬಳೆ ಇತ್ತು. ಎರಡೂ ಹಸಿರು ಗಾಜಿನವು. ದೊಡ್ಡ ಕಟ್ಟು ಅಕ್ಕನದು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಇನ್ನೊಂದರಲ್ಲಿ ಪುಟ್ಟ ಬಳೆ. ಅಮ್ಮನ ಕೈಗೂ ಹೋಗದು, ಅಕ್ಕನ ಕೈಗೂ ಹೋಗದು. ನಮ್ಮ ಮನೆಯಲ್ಲಿ ಆ ಅಳತೆಯ ಕೈ ಇದ್ದದ್ದು ಒಬ್ಬಳಿಗೇ. ನಾನು ಏನೂ ಕೇಳಲಿಲ್ಲ. ಬೆಳಗ್ಗೆ ಕೊಡುವುದಕ್ಕೆ ಬಚ್ಚಿಟ್ಟಿದ್ದಾರೆ ಅಂದುಕೊಂಡು, ದೀಪದ ಮುಂದೆ ನಿಂತು, ಅಷ್ಟು ದಿನ ಎಲ್ಲರನ್ನೂ ಮನಸ್ಸಿನಲ್ಲೇ ಬೈದುಕೊಂಡಿದ್ದಕ್ಕೆ ದೇವರ ಹತ್ತಿರ ಒಟ್ಟಿಗೇ ತಪ್ಪಾಯಿತು ಅಂತ ಕೇಳಿಕೊಂಡೆ.

ಬೆಳಗಿನ ಜಾವ ಎದ್ದಾಗ ಮನೆಯೆಲ್ಲ ಬಾಳೆ ಎಲೆಯಲ್ಲಿ ಬೆಂದ ಸೌತೆಕಾಯಿ ಕಡುಬಿನ ಪರಿಮಳ. ಹಿತ್ತಲು, ಬೇಲಿ ಎಲ್ಲ ತಿರುಗಿ ಅಮ್ಮ ತಂದಿದ್ದ ಬೆರಕೆ ಸೊಪ್ಪು ದೊಡ್ಡ ಪಾತ್ರೆಯಲ್ಲಿ ಬೆಂದು ಕಪ್ಪಾಗಿತ್ತು. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ರ ಬರೆದ ಬುಟ್ಟಿಗೆ ಎಲ್ಲವನ್ನೂ ತುಂಬಿ ಅಪ್ಪ ತಲೆಯ ಮೇಲಿಟ್ಟುಕೊಂಡ. ಅವನ ಹಿಂದೆ ಅಮ್ಮ, ಅವಳ ಹಿಂದೆ ನಿಧಾನಕ್ಕೆ ಅಕ್ಕ, ಕಡೆಗೆ ಜಾಗಟೆ ಬಡಿಯುತ್ತ ನಾನು. ಮಂಜು ಮುಸುಕಿತ್ತು. ಅಂಚಿನ ಹುಲ್ಲಿನ ಇಬ್ಬನಿಗೆ ನನ್ನ ಲಂಗ ಒದ್ದೆಯಾಗಿ ಕಾಲಿಗೆ ಅಂಟುತ್ತಿತ್ತು. ಹೊಡೆ ತುಂಬಿದ ಗದ್ದೆಗೆ ಒಂದು ವಾಸನೆಯಿದೆ, ಕರು ಹಾಕಿದ ಹೊಸದರಲ್ಲಿ ಕೊಟ್ಟಿಗೆಯಲ್ಲಿ ಬರುತ್ತದಲ್ಲ, ಹಾಗೆ. ಅದು ಇಡೀ ಬಯಲಿನಲ್ಲಿ ನಿಂತಿತ್ತು.

ಗದ್ದೆಯ ಮೂಲೆಯಲ್ಲಿ ಚೆನ್ನಾಗಿ ಬೆಳೆದ ಒಂದು ಭತ್ತದ ಬುಡ ಆರಿಸಿ ಅಮ್ಮ ಅದಕ್ಕೆ ಹೊಸ ರವಿಕೆ ಕಣ ಉಡಿಸಿದಳು. ತನ್ನ ಕತ್ತಿನ ಸರ ತೆಗೆದು ಹಾಕಿದಳು. ಅರಿಸಿನ ಕುಂಕುಮ ಇಟ್ಟಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಆ ಪುಟ್ಟ ಬಳೆಗಳನ್ನು ತೆಗೆದಳು. ನಾನು ಜಾಗಟೆ ಕೆಳಗಿಟ್ಟು ಎರಡೂ ಕೈ ಮುಂದೆ ಚಾಚಿದೆ.

ಅಮ್ಮ ನನ್ನ ಕೈ ದಾಟಿ ಬಗ್ಗಿ, ನಾಲ್ಕು ಬಳೆಗಳನ್ನೂ ಒಂದೊಂದಾಗಿ ಭತ್ತದ ದಂಟಿಗೆ ತೊಡಿಸಿದಳು.

“ಗದ್ದೆಗೆ ಕೈಯೇ ಇಲ್ಲ! ಅದಕ್ಕೆ ಎಂತಕ್ಕೆ ಬಳೆ?” ಅಂತ ಕಿರುಚಿದೆ.

“ಬಾಯ್ ಮುಚ್ಚೇ. ಬಸುರಿ ಎದುರಿಗೆ ಹಂಗೆಲ್ಲ ಕೂಗ್ಬಾರ್ದು.”

“ಯಾವ ಬಸುರಿ ಎದುರಿಗೆ?” ಅಂದೆ. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ಇನ್ನಷ್ಟು ಉರಿಯಿತು.

ಅಪ್ಪ ಬೈಯಲಿಲ್ಲ. ಬುಟ್ಟಿ ಇಳಿಸಿ ನನ್ನ ಹತ್ತಿರ ಕುಕ್ಕರುಗಾಲಲ್ಲಿ ಕೂತ. “ಕೈ ಇಲ್ದೆ ಇಷ್ಟು ವರ್ಷ ನಿಂಗೆ ಊಟಕ್ಕೆ ಹಾಕಿದ್ದು ಹೆಂಗೆ ಇವಳು?”

“ಊಟಕ್ಕೆ ಹಾಕೋದು ಅಮ್ಮ.”

“ಅಮ್ಮಂಗೆ ಕೊಟ್ಟಿದ್ದು ಯಾರು?”

“ಆದ್ರೂ ಅದು ನನ್ನ ಅಳತೆ!”

“ಹೌದಲ್ಲ,” ಅಂದ ಅಪ್ಪ, ಆಗ ತಾನೇ ನೋಡಿದವನಂತೆ. “ಆದ್ರೆ ಕೊಟ್ಟಾಯ್ತಲ್ಲ ಮಾರಾಯ್ತಿ. ಇನ್ನು ಅದು ನಂದಲ್ಲ, ನಿಮ್ಮಮ್ಮಂದೂ ಅಲ್ಲ. ಬೇಕಿದ್ರೆ ಅವಳನ್ನೇ ಕೇಳು. ಕೊಟ್ರೆ ಹಾಕ್ಕೊ.”

ತಮಾಷೆ ಮಾಡುತ್ತಿದ್ದಾನೆ ಅಂತ ಅವನ ಮುಖ ನೋಡಿದೆ. ತಮಾಷೆ ಇರಲಿಲ್ಲ. ಗದ್ದೆಯ ಸೊತ್ತು ಗದ್ದೆಯದು, ಅಷ್ಟೇ. ಅಪ್ಪ ಎದ್ದು ಹೋಗಿ ಕೆಸರಿನಲ್ಲಿ ಕೈ ಹಾಕಿ ಒಂದು ಕಡುಬು ಹೂತ. ಕಾಗೆಗೆ ಒಂದು ಎಡೆ ಇಟ್ಟ, ಇಲಿಗೆ ಒಂದು ಎಡೆ ಇಟ್ಟ. ಸೊಪ್ಪು ಬೆರೆಸಿದ ಅನ್ನವನ್ನು ಗದ್ದೆಗೆಲ್ಲ ಬೀರುತ್ತ “ಹೂಯ್” ಅಂತ ಕೂಗಿದ. ಆಚೆ ಬಯಲಿನಿಂದಲೂ ಯಾರೋ “ಹೂಯ್” ಅಂದರು. ನಾನು ಮಾತ್ರ ಕೂಗಲಿಲ್ಲ.

ಎಲ್ಲರೂ ಮನೆಗೆ ಹೋದ ಮೇಲೆ ನಾನೊಬ್ಬಳೇ ಅಂಚಿನ ಮೇಲೆ ಕೂತು ಕೇಳಿದೆ. “ಗದ್ದೆ, ನನ್ನ ಬಳೆ ಕೊಡು.” ಏನೂ ಇಲ್ಲ. ಮರ್ಯಾದೆ ಸಾಲಲಿಲ್ಲವೇನೋ ಅಂತ, “ಕೊಡಮ್ಮ” ಅಂದೆ. ಮಂಜು ಮೇಲೇಳುತ್ತಿತ್ತು. ಮೊದಲ ಬಿಸಿಲು ಬಿದ್ದು ಬಳೆ ಮಿಂಚಿದವು. ಗಾಳಿ ಬಂದಾಗ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವು, ನನ್ನನ್ನು ಅಣಕಿಸುವ ಹಾಗೆ. ಅಷ್ಟರಲ್ಲಿ ಕಾಗೆ ಬಂದು ತನ್ನ ಎಡೆ ತಿಂದಿತು, ಇಲಿಯ ಎಡೆಯನ್ನೂ ತಿಂದಿತು. ಬಿಲದಿಂದ ಒಂದು ಏಡಿ ಹೊರಬಂದು ಅನ್ನದ ಮುದ್ದೆಯನ್ನು ಎಳೆದುಕೊಂಡು ಒಳಗೆ ಹೋಯಿತು. ಇರುವೆ ಸಾಲು ಕಟ್ಟಿದವು. ಬೆಳ್ಳಕ್ಕಿಗಳು ಬಂದವು. ಅವು ಯಾವುವೂ ಕೇಳಲಿಲ್ಲ, ಕಾಯಲಿಲ್ಲ. ಎಲ್ಲಕ್ಕೂ ಪಾಲಿತ್ತು. ಆ ಏಡಿಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು ಅಂದರೆ ನಂಬುತ್ತೀರಾ?

ಸ್ವಲ್ಪ ಹೊತ್ತಿಗೆ ಅಕ್ಕ ಬಂದಳು. ಬಾಳೆ ಎಲೆಯಲ್ಲಿ ನನ್ನ ಪಾಲಿನ ಕಡುಬು ತಂದಿದ್ದಳು. ಉಸ್ಸೆಂದು ಪಕ್ಕದಲ್ಲಿ ಕೂತು, ತನ್ನ ಒಂದು ಬಳೆ ತೆಗೆದು ನನ್ನ ಕೈಗೆ ಹಾಕಿದಳು. ಅದು ಮೊಣಕೈ ತನಕ ಹೋಗಿ, ಕೈ ಇಳಿಸಿದರೆ ಜಾರಿ ಹುಲ್ಲಿಗೆ ಬಿತ್ತು.

“ಇವಳ ಮೇಲೆ ಅಷ್ಟು ಹೊಟ್ಟೆಕಿಚ್ಚಾ ನಿಂಗೆ?”

“ಹೂಂ. ನಿನ್ ಮೇಲೂ.”

ಅಕ್ಕ ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಗದ್ದೆಯನ್ನೇ ನೋಡುತ್ತ ಅಂದಳು, “ನಂಗೂ ಇವಳ ಮೇಲೇ ಕಣೇ. ಕೊಯ್ಲಿನ ತನಕ ಇವಳಿಗೆ ಯಾರೂ ಒಂದು ಕೆಲ್ಸ ಹೇಳಲ್ಲ. ಹತ್ತಿರ ಬರೋರು ಚಪ್ಪಲಿ ಬಿಟ್ಟು ಬರ್ತಾರೆ. ನಂಗೆ ನಾಳೆ ಅಲ್ಲಿಗೆ ಹೋದ್ರೆ ಅಡಿಕೆ ಸುಲಿಯೋರಿಗೆಲ್ಲ ಅಡುಗೆ, ಬಾವಿ ನೀರು. ಸೊಂಟ ಹಿಡ್ಕೊಂಡ್ರೂ ಅತ್ತೆ ‘ನಾವೆಲ್ಲ ಹೆರ್ಲಿಲ್ವಾ’ ಅಂತಾರೆ.”

“ಹೋಗ್ಬೇಡ. ಅಪ್ಪಂಗೆ ಹೇಳು.”

“ಹೆಂಗೆ ಹೇಳೋದು? ಕೆಲ್ಸಗಳ್ಳಿ ಅನ್ನಿಸ್ಕೊಳ್ಳೋಕಾ?”

ಅವಳು ನನ್ನ ಕೈ ಹಿಡಿದು ಒಂದು ಭತ್ತದ ದಂಟಿನ ಉಬ್ಬಿನ ಮೇಲೆ ಇಟ್ಟಳು, ಆಮೇಲೆ ತನ್ನ ಹೊಟ್ಟೆಯ ಮೇಲೆ. ದಂಟು ತಣ್ಣಗಿತ್ತು, ಹೊಟ್ಟೆ ಬೆಚ್ಚಗಿತ್ತು. ಎರಡೂ ಒಂದೇ ಥರ ಬಿಗಿಯಾಗಿದ್ದವು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಕೇಳಿದ, “ಎಂತ ಅಂತು ಗದ್ದೆ? ಕೊಡ್ತದಂತಾ?”

ಎದುರಿಗೆ ಅಕ್ಕ ಕೂತಿದ್ದಳು. ಅವಳ ಎಲೆಗೆ ಅಮ್ಮ ತುಪ್ಪ ಬಡಿಸುತ್ತಿದ್ದಳು, ನನ್ನ ಎಲೆಗೆ ಬಡಿಸಿದ್ದಕ್ಕಿಂತ ಜಾಸ್ತಿ. ನಾಳೆ ಇವಳು ಹೋದರೆ ತುಪ್ಪ ನನ್ನದು, ಕೆನೆ ನನ್ನದು, ರಾತ್ರಿ ಅಮ್ಮನ ಪಕ್ಕದ ಜಾಗ ನನ್ನದು. ಬಾಯಿ ಮುಚ್ಚಿಕೊಂಡು ಉಂಡರೆ ಸಾಕಿತ್ತು. ನನಗೆ ಅದು ಚೆನ್ನಾಗಿ ಗೊತ್ತಿತ್ತು.

“ಬಳೆ ಕೊಡಲ್ಲ ಅಂತು,” ಅಂದೆ. ಅನ್ನ ಕಲಸಿದೆ. ಮತ್ತೆ ತಡೆಯಲಾಗಲಿಲ್ಲ. “ನಂಗೆ ಕೊಯ್ಲಿನ ತನಕ ರಜೆ ಕೊಟ್ಟು ಅಕ್ಕಂಗೆ ಎಂತಕ್ಕೆ ಕೊಡಲ್ಲ ಅಂತ ಕೇಳ್ತು. ಅವಳೂ ಬಸುರಿ ಅಲ್ವಾ ಅಂತು.”

ಅಮ್ಮನ ಕೈ ತುಪ್ಪದ ಮಿಳ್ಳೆಯ ಜೊತೆ ಹಾಗೇ ನಿಂತಿತು. ಅಕ್ಕ ತಲೆ ತಗ್ಗಿಸಿದಳು. ಅವಳ ಕಣ್ಣಿನಿಂದ ಎಲೆಯ ಮೇಲೆ ಒಂದು ಹನಿ ಬಿತ್ತು. ಅಪ್ಪ ನನ್ನನ್ನು ನೋಡಿದ, ಅಕ್ಕನನ್ನು ನೋಡಿದ. ಗದ್ದೆ ಇಷ್ಟೆಲ್ಲ ಮಾತಾಡಿತೇ ಅಂತ ಕೇಳಲಿಲ್ಲ. “ಅವಳು ಅಂದಿದ್ದು ಸರಿ ಅದೆ,” ಅಂದ. ಅಷ್ಟೇ.

ಮಾರನೆಯ ದಿನ ಭಾವ ಬಂದರು. ಅಪ್ಪ ಅವರನ್ನು ಗದ್ದೆ ತೋರಿಸುತ್ತೇನೆ ಅಂತ ಕರೆದುಕೊಂಡು ಹೋದ. ಇಬ್ಬರೂ ಚಪ್ಪಲಿ ಬಿಟ್ಟು ಅಂಚಿನ ಮೇಲೆ ಬಹಳ ಹೊತ್ತು ನಿಂತಿದ್ದರು. ಭಾವ ಒಳ್ಳೆಯವರೇ. ವಾಪಸು ಬಂದವರು, “ಗದ್ದೆ ಮಾತು ಮೀರೋಕಾಗ್ತದಾ ಮಾವ? ನಮ್ಮಮ್ಮಂಗೆ ನಾನು ಹೇಳ್ಕೊಳ್ತೀನಿ,” ಅಂದು, ಕಡುಬಿನ ಗಂಟು ಹಿಡಿದುಕೊಂಡು ಒಬ್ಬರೇ ಹೋದರು. ನಾನು ಹೆರಿಗೆಯ ತನಕ ಅಮ್ಮನ ಕಾಲ ಬುಡದಲ್ಲಿ ಮಲಗಿದೆ, ದಿನವೂ ಹೊಟ್ಟೆಕಿಚ್ಚು ಪಡುತ್ತ.

ಭತ್ತದ ಕೊಯ್ಲಿನ ದಿನ ಆ ಮೂಲೆಯ ಬುಡವನ್ನು ಅಪ್ಪ ಕಡೆಯಲ್ಲಿ ಕೊಯ್ದ. ಮನೆಯೊಳಗೆ ಅಕ್ಕನ ಮಗು ಅಳುವುದು ಕೇಳುತ್ತಿತ್ತು. “ಇವಳ ಹೆರಿಗೆನೂ ಆಯ್ತು. ಈಗ ಕೇಳು,” ಅಂದ. ಕೇಳಿದೆ. ಕೂಳೆಯ ನಡುವೆ ಕೈಯಾಡಿಸಿದೆ. ಮೂರು ಬಳೆ ಸಿಕ್ಕವು. ನಾಲ್ಕನೆಯದು ಎಷ್ಟು ಹುಡುಕಿದರೂ ಸಿಗಲಿಲ್ಲ. “ಅದು ಅವಳಿಗೆ ಇಷ್ಟ ಆಗಿರ್ಬೇಕು. ಇರ್ಲಿ ಬಿಡು,” ಅಂದ ಅಪ್ಪ. ತೊಳೆದರೂ ಹೋಗದ ಕೆಸರಿನ ಮಬ್ಬು ಇದ್ದ ಆ ಮೂರು ಬಳೆ ಒಡೆಯುವ ತನಕ ನನ್ನ ಕೈಯಲ್ಲಿದ್ದವು.

ಗಂಡುಮಕ್ಕಳಿಲ್ಲದ ಮನೆ ನಮ್ಮದು. ನಿಮ್ಮ ಅಜ್ಜ ಇಲ್ಲಿಗೇ ಅಳಿಯನಾಗಿ ಬಂದರು. ಹಾಗಾಗಿ ನಾನು ಗದ್ದೆ ಬಿಟ್ಟು ಹೋಗಬೇಕಾಗಲಿಲ್ಲ. ಮೇಲಿನ ಗದ್ದೆ ಮಡಿಗಳಲ್ಲೆಲ್ಲ ಈಗ ಅಡಿಕೆ ಸಸಿ ಎದ್ದಿದೆ. ಕೆಳಗಿನ ಒಂದು ಮಡಿಯಲ್ಲಿ ಮಾತ್ರ ಇನ್ನೂ ಭತ್ತ. ಅಷ್ಟಾದರೂ ಉಳಿಯಿತಲ್ಲ, ದೇವಿ ಶಾರದಮ್ಮನ ದಯೆ. ಅಕ್ಕ ಇವತ್ತಿಗೂ ಫೋನು ಮಾಡಿದರೆ “ನನ್ನ ಗದ್ದೆ ಹೆಂಗಿದೆ?” ಅಂತಲೇ ಕೇಳುತ್ತಾಳೆ. ನಿನ್ನ ಗದ್ದೆ ಅಂತ ಅಪ್ಪಿತಪ್ಪಿಯೂ ಅನ್ನುವುದಿಲ್ಲ.

ಈ ಸಲದ ಹುಣ್ಣಿಮೆಗೆ ನೀವೆಲ್ಲ ಬಾಳಗಡಿಯಿಂದ ಕಾರಿನಲ್ಲಿ ಬಂದಿರಿ. ನಿಮ್ಮಲ್ಲಿ ದೊಡ್ಡವನು ಮೊಬೈಲು ಹಿಡಿದು ಗದ್ದೆಯ ಸುತ್ತ ನಡೆದು, “ಇದ್ರಲ್ಲಿ ಎಷ್ಟು ಸೈಟ್ ಆಗ್ತದೆ ಅಜ್ಜಿ?” ಅಂತ ಕೇಳಿದ. ಕೆಟ್ಟ ಹುಡುಗನಲ್ಲ ಅವನು, ಲೆಕ್ಕದಲ್ಲಿ ಜಾಣ. ಆದರೂ ನನಗೆ ಒಂಥರಾ ಆಯಿತು. ನಿಮಗೆ ಆಟಿಕೆಗೆ, ಬಟ್ಟೆಗೆ, ಬಳೆಗೆ ಕೊರತೆಯಿಲ್ಲ, ದೇವರು ಹಾಗೇ ಇಟ್ಟಿರಲಿ. ನನ್ನ ಕೈಗೆ ಬಳೆ ಇರಲಿಲ್ಲ. ಆದರೆ ಹೊಟ್ಟೆಕಿಚ್ಚು ಪಡುವುದಕ್ಕೆ ಒಬ್ಬಳು ಗದ್ದೆ ಇದ್ದಳು. ಕುರ್ಚಿಯನ್ನು, ಕಲ್ಲನ್ನು ನೋಡಿ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರಾ ಮಕ್ಕಳೇ? ಎದುರಿಗೆ ಇರುವವರನ್ನು ನಮ್ಮ ಹಾಗೇ ಒಬ್ಬರು ಅಂದುಕೊಂಡರೆ ತಾನೇ ಅವರಿಗೆ ಸಿಕ್ಕಿದ್ದು ನಮಗೆ ಸಿಗಲಿಲ್ಲ ಅನ್ನಿಸುವುದು?

ಹೀಗೆ ಯೋಚಿಸುತ್ತ ನಾನು ಭತ್ತದ ಬುಡಕ್ಕೆ ಹಸಿರು ಬಳೆ ತೊಡಿಸುತ್ತಿದ್ದೆ. ಹಿಂದಿನಿಂದ ನಿಮ್ಮಲ್ಲಿ ಚಿಕ್ಕವಳ ದನಿ ಕೇಳಿತು. “ಅಜ್ಜೀ, ಅದು ನನ್ನ ಸೈಜು!”

ತಿರುಗಿ ನೋಡಿದೆ. ಮುಖ ಊದಿತ್ತು, ಕಣ್ಣಲ್ಲಿ ನೀರು ನಿಂತಿತ್ತು. ಅಷ್ಟು ಸಂತೋಷ ನನಗೆ ಈಚೆಗೆ ಯಾವತ್ತೂ ಆಗಿರಲಿಲ್ಲ.

“ಕೊಟ್ಟಾಯ್ತಲ್ಲ ಮಾರಾಯ್ತಿ,” ಅಂದೆ. “ನನ್ನ ಕೇಳ್ಬೇಡ. ಅವಳನ್ನ ಕೇಳು.”

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ, ಯಾರೂ ಹೇಳದೆಯೇ, ಗುಲಾಬಿ ಬಣ್ಣದ ಚಪ್ಪಲಿ ಎರಡನ್ನೂ ಕಳಚಿ ಹುಲ್ಲಿನ ಮೇಲಿಟ್ಟು, ಬರಿಗಾಲಲ್ಲಿ ಅಂಚು ಹತ್ತಿದಳು.