ಕಣದಲ್ಲಿ ಕೆಟ್ಟ ದವಡೆ

ತೊಂಬತ್ತರ ದಶಕದ ಕೊನೆಯ ಒಂದು ಕಾಫಿ ಕುಯ್ಲಿನಲ್ಲಿ ನನಗೆ ಬಾಯಿ ತೆರೆಯುವುದೇ ಕಷ್ಟವಾಯಿತು. ಆಕಳಿಸಿದರೆ ಎಡಗಿವಿಯ ಮುಂದೆ ಟಕ್ಕೆನ್ನುತ್ತಿತ್ತು. ಅಕ್ಕಿರೊಟ್ಟಿ ಅಗಿದರೆ ಕಣ್ಣಲ್ಲಿ ನೀರು.

ಕೊಟ್ಟಿಗೆಹಾರದ ಹತ್ತಿರ ನಮ್ಮದು ಸಣ್ಣ ತೋಟ. ಕಾಫಿ ಒಣಗಿಸುವ ಕಣದ ಉಸ್ತುವಾರಿ ನನ್ನದು. ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಹಣ್ಣಿನ ಸಿಪ್ಪೆ ಸುಲಿದು ತೊಳೆದ ಬೀಜ, ಅಂದರೆ ಪಾರ್ಚ್‌ಮೆಂಟ್, ಒಣಗಿದೆ ಎಂದು ಮೇಸ್ತ್ರಿ ಹೇಳಿದರೂ ರಾಶಿಯ ಮೂಲೆಮೂಲೆಯ ಬೀಜ ನಾನೇ ಕಚ್ಚಿ ನೋಡಬೇಕು. ಹಲ್ಲು ಇಳಿದರೆ ಹಸಿ, ಇಳಿಯದಿದ್ದರೆ ಮೂಟೆಗೆ.

ಚಿಕ್ಕಮಗಳೂರಿನ ಕಿವಿ ಡಾಕ್ಟರು ಕಿವಿಯೊಳಗೆ ಏನೂ ಇಲ್ಲ, ದವಡೆಯ ಕೀಲು ನೋಡುವವರಿಗೆ ತೋರಿಸಿ ಎಂದರು. ತಮಗೆ ತಿಳಿಯದ್ದನ್ನು ಇನ್ನೊಬ್ಬರ ತಲೆಗೆ ಕಟ್ಟುತ್ತಿದ್ದಾರೆ ಎಂದುಕೊಂಡೆ. ಹಲ್ಲಿನ ಡಾಕ್ಟರೊಬ್ಬರು ನಮ್ಮ ಯಜಮಾನರಿಗೆ ಪರಿಚಯ. ಅವರನ್ನು ಮಾತ್ರ ಯಾಕೋ ಕಣ್ಣುಮುಚ್ಚಿ ನಂಬಿಬಿಟ್ಟೆ. ಅವರು ದವಡೆಹಲ್ಲೊಂದನ್ನು ಕಿತ್ತರು. ಗಾಯ ಮಾಯಿತು, ನೋವು ಅಲ್ಲೇ ಇತ್ತು.

"ಪಕ್ಕದ್ದೂ ತೆಗೀಬೇಕಾಗ್ತದೆ" ಎಂದರು.

"ಮೊದಲಿನ ಹಲ್ಲಲ್ಲಿ ಹುಳುಕು ಕಂಡಿತ್ತಾ?"

"ನೋವು ಹೋಗ್ಬೇಕೋ ಬೇಡ್ವೋ ಹೇಳಿ" ಎಂದು ಅವರು ಕೈ ತೊಳೆಯಲು ತಿರುಗಿದರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ನಿಂಗೆ ಎಲ್ಲರ ಮೇಲೂ ಅನುಮಾನ ಮಾರಾಯ್ತಿ" ಎಂದು ಯಜಮಾನರು ದಾರಿಯುದ್ದಕ್ಕೂ ಗೊಣಗಿದರು. ಉಳಿದ ಹಲ್ಲು ಉಳಿಸಿಕೊಳ್ಳುವ ಹಟ ನನ್ನದು. ಕಿವಿ ಡಾಕ್ಟರ ಮಾತು ನೆನಪಾಗಿ, ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನ ದವಡೆ ತಜ್ಞರಲ್ಲಿಗೆ ಹೋದೆವು.

ಇವರೂ ಇಕ್ಕಳ ಎತ್ತುತ್ತಾರೆಂದು ಕಾಯುತ್ತಿದ್ದೆ. ಅವರು ಎರಡೂ ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಸಿ ಮುಚ್ಚಿಸಿದರು, ಎಕ್ಸ್-ರೇ ನೋಡಿದರು.

"ತೊಂದರೆ ಕೀಲಿನದ್ದು. ಗಟ್ಟಿ ಏನಾದ್ರೂ ಕಚ್ತೀರಾ? ಅಡಿಕೆ?"

"ಅಡಿಕೆ ಇಲ್ಲ. ಕಾಫಿಬೀಜ" ಎಂದೆ. ಯಜಮಾನರು ನನ್ನ ಮುಖ ನೋಡಿದರು.

ಕಚ್ಚುವುದು ನಿಲ್ಲಿಸಿ, ಬಿಸಿ ಶಾಖ ಕೊಡಿ, ಮೆತ್ತಗಿನ ಊಟ ಮಾಡಿ, ಮಲಗುವಾಗ ಹಲ್ಲಿಗೆ ಈ ಕವಚ ಹಾಕಿಕೊಳ್ಳಿ ಎಂದರು. ಇಷ್ಟೇನಾ, ಇದೆಂಥ ಡಾಕ್ಟರು ಎನ್ನಿಸಿತು.

"ಹಾಗಾದ್ರೆ ಕೀಳಿಸಿದ ಹಲ್ಲು?"

"ಇಲ್ಲದ ಹಲ್ಲಿನ ಬಗ್ಗೆ ಏನು ಹೇಳ್ಲಿ ಅಮ್ಮ? ಪಕ್ಕದವು ಗಟ್ಟಿ ಉಂಟು."

ಈ ಸಲ ಯಜಮಾನರ ಮುಖವನ್ನು ನಾನು ನೋಡಿದೆ.

ನೋವು ನಿಧಾನಕ್ಕೆ ಹೋಯಿತು. ಈಗ ಕಣದಲ್ಲಿ ಬೀಜ ಕಚ್ಚುವವರು ಯಜಮಾನರು. "ಒಣಗಿದೆ" ಎನ್ನುತ್ತಾರೆ. ನನಗೆ ನಂಬಿಕೆ ಬರುವುದಿಲ್ಲ. ಒಂದು ಬೀಜ ಎತ್ತಿ ತುಟಿಯವರೆಗೂ ತರುತ್ತೇನೆ. ಅಷ್ಟರಲ್ಲಿ ನಾಲಿಗೆ ಆ ಖಾಲಿ ಜಾಗಕ್ಕೆ ಹೋಗುತ್ತದೆ. ಬೀಜವನ್ನು ರಾಶಿಗೆ ಹಾಕಿ, "ಮೂಟೆ ಕಟ್ಸಿ" ಎನ್ನುತ್ತೇನೆ.