ಮಧ್ಯಾಹ್ನ ಎರಡು ಹತ್ತಕ್ಕೆ ಸೇವ್ ಆದ ಫೈಲು

ಕಾರ್ಡನ್ನು ನನ್ನ ಕೀಬೋರ್ಡ್ ಮೇಲೆ ಎಸೆದು ಆಕೆ ಕೇಳಿದ್ದು ಒಂದೇ ಮಾತು. "ನಮ್ಮಪ್ಪನಿಗೆ ನಾನು ಮಗಳಲ್ವಾ?"

ಚಂದ್ರಾ ಲೇಔಟ್‌ನಲ್ಲಿ ನನ್ನದೊಂದು ಪುಟ್ಟ ಡಿಟಿಪಿ ಅಂಗಡಿ. ಆಕೆಯ ತಂದೆಯ ಶಿವಗಣಾರಾಧನೆಯ ಕಾರ್ಡ್ ಮಾಡಿದ್ದು ನಾವೇ. ಕೆಳಗೆ ದುಃಖತಪ್ತರ ಪಟ್ಟಿಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಇದ್ದಾರೆ. ಈ ಮಗಳ ಹೆಸರೇ ಇಲ್ಲ.

ಕಾರ್ಡ್ ಆಗಲೇ ನೆಂಟರಿಗೆಲ್ಲ ಹಂಚಿ ಆಗಿತ್ತು.

ಆಕೆಯ ಹಿಂದೆಯೇ ಅಣ್ಣನೂ ಬಂದರು. ಅಣ್ಣ ತಂಗಿಯ ನಡುವೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಅಣ್ಣನೇ ಹೇಳಿ ತೆಗೆಸಿದ್ದಾನೆ ಅಂತ ತಂಗಿ, ನಾನು ಓಕೆ ಮಾಡಿದಾಗ ಹೆಸರಿತ್ತು ಅಂತ ಅಣ್ಣ. ಅಂಗಡಿಯಲ್ಲೇ ಜಗಳ ಶುರುವಾಯಿತು.

ಕಾರ್ಡ್ ಮಾಡಿದ ದಿನ ಹನ್ನೆರಡು ಗಂಟೆಗೆ ಆ ಅಣ್ಣ ಸಹಿ ಹಾಕಿದ್ದ ಪ್ರೂಫ್ ತೆಗೆದು ನೋಡಿದೆ… ಹೆಸರಿತ್ತು. ಅಂದರೆ ಅಳಿಸಿದ್ದು ನಮ್ಮಲ್ಲೇ.

ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದೆ. ಕೊನೆಯ ಸಲ ಸೇವ್ ಆಗಿದ್ದು ಅದೇ ದಿನ, ಮಧ್ಯಾಹ್ನ ಎರಡು ಹತ್ತಕ್ಕೆ.

ಒಂದೂವರೆಯಿಂದ ಮೂರರವರೆಗೆ ನಾನು ಊಟಕ್ಕೆ ಮನೆಗೆ ಹೋಗುತ್ತೇನೆ. ಆ ಹೊತ್ತಿನಲ್ಲಿ ಅಂಗಡಿಯಲ್ಲಿ ಇರುತ್ತಿದ್ದುದು ಸುಮಂಗಲಾ ಒಬ್ಬಳೇ. ಬಾಗಲಕೋಟೆ ಕಡೆಯವಳು, ಕುರುಬರಹಳ್ಳಿಯಲ್ಲಿ ಅಕ್ಕನ ಮನೆಯಲ್ಲಿದ್ದಳು, ಎರಡು ವರ್ಷದಿಂದ ನಮ್ಮಲ್ಲಿ ಟೈಪಿಂಗ್ ಮಾಡುತ್ತಿದ್ದಳು.

"ನಾ ಮುಟ್ಟಿಲ್ರಿ ಸರ್," ಅಂದಳು. ಮೂರು ಸಲ ಅಂದಳು.

ಸಿಟ್ಟು ಬಂದರೆ ನಿಮಗೆ ಕಿವಿ ಕೇಳಿಸುವುದಿಲ್ಲ ಅಂತ ನನ್ನ ಹೆಂಡತಿ ಯಾವಾಗಲೂ ಹೇಳುತ್ತಾಳೆ. ನಿಜ. ಕಂಪ್ಯೂಟರ್ ಸುಳ್ಳು ಹೇಳುತ್ತದಾ ಅಂತ ಕೂಗಾಡಿದೆ. ಆ ಅಣ್ಣ ತಂಗಿ, ಝೆರಾಕ್ಸ್‌ಗೆ ನಿಂತಿದ್ದ ನಾಲ್ಕು ಜನ… ಅಷ್ಟೂ ಜನರ ಮುಂದೆ ಅವಳಿಂದ ಕೈ ಮುಗಿಸಿ ಕ್ಷಮೆ ಕೇಳಿಸಿದೆ.

ಕೇಳಿದಳು. ನಾಳೆಯಿಂದ ಬರಬೇಡ ಅಂದೆ. ಟಿಫನ್ ಬಾಕ್ಸ್ ಬ್ಯಾಗಿಗೆ ಹಾಕಿಕೊಂಡು ಹೋದಳು.

ಅಷ್ಟಕ್ಕೇ ಬಿಟ್ಟೆನಾ? ಇಲ್ಲ. ವಿಜಯನಗರದ ಇಬ್ಬರು ಡಿಟಿಪಿಯವರು ಫೋನ್ ಮಾಡಿ ಈ ಹುಡುಗಿ ಹೇಗೆ ಅಂತ ವಿಚಾರಿಸಿದಾಗ, ಓಕೆ ಆದ ಫೈಲನ್ನೂ ತಿದ್ದುತ್ತಾಳೆ, ಹುಷಾರು ಅಂದುಬಿಟ್ಟೆ.

ಈಗ ಆ ಕಂಪ್ಯೂಟರ್ ವಿಷಯ ಹೇಳಬೇಕು. ಈ ಕಾರ್ಡ್ ಮಾಡುವುದಕ್ಕೆ ಒಂದು ವಾರ ಮೊದಲು ಅದಕ್ಕೆ ಎರಡನೇ ಹಾರ್ಡ್ ಡಿಸ್ಕ್ ಹಾಕಿಸಿದ್ದೆ.

ಹಳೇ ಡಿಸ್ಕ್‌ನಲ್ಲಿ ಹಳೇ ವಿಂಡೋಸ್, ಯಾಕೆಂದರೆ ನಮ್ಮ ಕನ್ನಡ ಫಾಂಟ್‌ಗಳು ನೆಟ್ಟಗೆ ಬರುವುದು ಅದರಲ್ಲೇ. ವೈರಸ್ ಭಯಕ್ಕೆ ಅದಕ್ಕೆ ಇಂಟರ್ನೆಟ್ ಕೊಟ್ಟಿರಲಿಲ್ಲ. ಆನ್‌ಲೈನ್ ಅರ್ಜಿ ತುಂಬುವುದಕ್ಕೆ ಹೊಸ ಡಿಸ್ಕ್‌ನಲ್ಲಿ ಲಿನಕ್ಸ್, ವಿಂಡೋಸ್‌ನಂಥದ್ದೇ ಇನ್ನೊಂದು. ಆನ್ ಮಾಡುವಾಗ ಯಾವುದು ಬೇಕೋ ಆರಿಸಿಕೊಂಡರೆ ಆಯಿತು.

ಬೇರೆ ಬೇರೆ ಡಿಸ್ಕ್, ಒಂದರ ಗೊಡವೆ ಇನ್ನೊಂದಕ್ಕಿಲ್ಲ ಅಂದುಕೊಂಡಿದ್ದೆ.

ಎರಡು ತಿಂಗಳು ಕಳೆಯಿತು. ಹೋದ ವಾರ ಯಾವುದೋ ಗೃಹಪ್ರವೇಶದ ಕಾರ್ಡ್ ಹುಡುಕುತ್ತಿದ್ದೆ. ಹಿಂದಿನ ದಿನ ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ನಾನೇ ಕೂತು ಮುಗಿಸಿದ್ದ ಫೈಲು.

ಅದರ ಟೈಮ್ ನೋಡಿದರೆ ಬೆಳಗಿನ ಜಾವ ಐದೂ ಕಾಲು. ನಾನು ಶಟರ್ ಎತ್ತುವುದೇ ಒಂಬತ್ತೂವರೆಗೆ.

ಮುಚ್ಚಿ ಮತ್ತೆ ತೆರೆದು ನೋಡಿದೆ. ಅದೇ ಟೈಮ್.

ಡಿಸ್ಕ್ ಹಾಕಿಕೊಟ್ಟವನಿಗೆ ಫೋನ್ ಮಾಡಿದೆ. ಅವನು ಆರಾಮಾಗಿ ವಿವರಿಸಿದ. ಡಿಸ್ಕ್ ಎರಡಾದರೂ ಕಂಪ್ಯೂಟರ್ ಒಳಗಿನ ಗಡಿಯಾರ ಒಂದೇ. ಲಿನಕ್ಸ್ ಅದರಲ್ಲಿ ಗ್ರೀನಿಚ್ ಟೈಮ್ ಇಡುತ್ತದಂತೆ, ಆಮೇಲೆ ವಿಂಡೋಸ್ ಆನ್ ಮಾಡಿದರೆ ಅದು ಅದನ್ನೇ ನಮ್ಮ ಟೈಮ್ ಅಂದುಕೊಳ್ಳುತ್ತದಂತೆ. ಗ್ರೀನಿಚ್ ನಮಗಿಂತ ಐದೂವರೆ ಗಂಟೆ ಹಿಂದೆ. ಎಲ್ಲರಿಗೂ ಆಗುತ್ತೆ ಸಾರ್, ಒಂದು ಸೆಟ್ಟಿಂಗ್ ಅಷ್ಟೇ ಅಂದ.

ಅಷ್ಟು ದಿನ ಕಣ್ಣಿಗೆ ಬೀಳಲಿಲ್ಲವಾ ಅಂತ ಕೇಳಬೇಡಿ. ಈಗ ಯಾರು ಕಂಪ್ಯೂಟರ್‌ನಲ್ಲಿ ಟೈಮ್ ನೋಡುತ್ತಾರೆ, ಕೈಯಲ್ಲಿ ಮೊಬೈಲ್ ಇರುವಾಗ…

ಎರಡು ಹತ್ತಕ್ಕೆ ಐದೂವರೆ ಗಂಟೆ ಸೇರಿಸಿದೆ. ಸಂಜೆ ಏಳು ನಲವತ್ತು.

ಸುಮಂಗಲಾ ಆರು ಗಂಟೆಗೇ ಬಸ್ಸಿಗೆ ಹೊರಡುತ್ತಿದ್ದಳು. ಏಳು ನಲವತ್ತಕ್ಕೆ ಅಂಗಡಿಯಲ್ಲಿ ಇದ್ದವನು ನಾನು.

ಆಗ ನೆನಪಾಯಿತು. ಅಪ್ಪನ ಫೋಟೋ ಸ್ವಲ್ಪ ದೊಡ್ಡದು ಮಾಡಿ ಅಂತ ಆ ಅಣ್ಣ ಸಂಜೆ ಫೋನ್ ಮಾಡಿದ್ದರು. ಫೋಟೋ ಎಳೆದೆ, ಕೆಳಗಿನ ಸಾಲು ಅಂಚು ದಾಟಿತು. ಖಾಲಿ ಸಾಲು ತೆಗೆಯುತ್ತಿದ್ದೇನೆ ಅಂದುಕೊಂಡು ಏನೋ ಅಳಿಸಿದೆ, ಸೇವ್ ಮಾಡಿ ಪ್ರಿಂಟಿಗೆ ಕಳಿಸಿದೆ. ಅದು ಖಾಲಿ ಸಾಲಾಗಿರಲಿಲ್ಲ.

ಇದೆಲ್ಲ ಅವತ್ತೇ ಯಾಕೆ ನೆನಪಾಗಲಿಲ್ಲ? ಬೈಯುವುದಕ್ಕೆ ಒಬ್ಬಳು ಸಿಕ್ಕಿದ್ದಳಲ್ಲ, ಅದಕ್ಕೆ.

ಮೊನ್ನೆ ಅವಳ ಅಕ್ಕನ ಮನೆಗೆ ಹೋಗಿ ಕೇಳಿದೆ. ನಾಯಂಡಹಳ್ಳಿಯ ಗೋಡೌನ್ ಒಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ ಅಂದರು. ಟೈಪಿಂಗ್‌ಗೆ ಎಲ್ಲೂ ತೆಗೆದುಕೊಳ್ಳಲಿಲ್ಲವಂತೆ. ಯಾಕೆ ಅಂತ ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು.

ಗೋಡೌನ್ ಬಾಗಿಲಲ್ಲಿ ನಿಂತು ಅವಳಿಗೆ ಎಲ್ಲ ಹೇಳಿದೆ. ತಪ್ಪಾಯಿತಮ್ಮ ಅಂದೆ. ವಾಪಸ್ ಬಾ ಅಂದೆ.

ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನಿಧಾನಕ್ಕೆ ಅಂದಳು.

"ಅವತ್ತ ಎಲ್ಲಾರ ಮುಂದ ನನ್ನ ಕಡೆಯಿಂದ ಕ್ಷಮಾ ಕೇಳಿಸಿದ್ರಿ ಸರ್. ಇವತ್ತ ನೀವೊಬ್ಬರ ಬಂದೀರಿ."

ಮತ್ತೆ ಒಳಗೆ ಹೋದಳು. ಉಗಿದಿದ್ದರೂ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ಆ ಹೆಸರು ಅಳಿಸಿದ್ದು ನಾನು, ಸುಮಂಗಲಾ ಅಲ್ಲ. ಆ ಅಣ್ಣ ತಂಗಿ ಇಬ್ಬರ ಮನೆಗೂ ಹೋಗಿ ಹೇಳಿ ಬಂದೆ. ಆ ಇಬ್ಬರು ಡಿಟಿಪಿಯವರಿಗೂ ಹೇಳಿದೆ, ಬೇರೆಯವರನ್ನು ತೆಗೆದುಕೊಂಡಾಯಿತು ಬಿಡಿ ಅಂದರು.

ಅವಳಿಗೇ ಇದನ್ನು ಕಳಿಸೋಣವೆಂದರೆ ನನ್ನ ನಂಬರ್ ಬ್ಲಾಕ್ ಮಾಡಿದ್ದಾಳೆ, ಮತ್ತೆ ಅವಳ ಎದುರಿಗೋ ಅಕ್ಕನ ಮನೆಗೋ ಹೋಗಲು ನನಗೆ ಮುಖವಿಲ್ಲ… ಇದನ್ನು ಅವಳಿಗೆ ತೋರಿಸುವವರು ನಿಮ್ಮಲ್ಲಿ ಯಾರಾದರೂ ಇದ್ದೀರಾ?