ಚಿತ್ರಕಲೆ ಮೇಷ್ಟ್ರ ಖಾಲಿ ಚೌಕ

ಚಿತ್ರಕಲೆ ಮೇಷ್ಟ್ರಷ್ಟು ಮರ್ಯಾದಸ್ಥರು ಸಿಗುವುದು ಕಷ್ಟ. ಅಂಥವರ ಜೊತೆ ಸಂಸಾರ ಮಾಡುವುದು ಇನ್ನೂ ಕಷ್ಟ ಎಂದು ಅವರ ಹೆಂಡತಿಯ ಅಂಬೋಣ. ಇಪ್ಪತ್ತೊಂಬತ್ತು ವರ್ಷ ಪಾಠ ಮಾಡಿದ ಶಾಲೆಯಲ್ಲಿ ತಮ್ಮದೇ ಬೀರು ತೆಗೆಯುವ ಮುಂಚೆಯೂ ಪಕ್ಕದವರನ್ನು ಕೇಳುತ್ತಾರೆ. ಬಾಗಿಲಲ್ಲಿ ಇಬ್ಬರು ಮಾತಾಡುತ್ತ ನಿಂತಿದ್ದರೆ, ಇಡೀ ಕಟ್ಟಡ ಸುತ್ತಿ ಹಿಂದಿನಿಂದ ಬರುತ್ತಾರೆ.

ಇಂಥವರ ಕೈಗೆ ಆ ವರ್ಷ ಹಂಚಿಕೆಯ ಶೀಟ್ ಬಂತು. ಮಕ್ಕಳ ಬಗ್ಗೆ ಬರೆಯುವ ಹಳೇ ರಿಜಿಸ್ಟರ್ ಹೋಗಿ, ಎಲ್ಲ ಶಿಕ್ಷಕರೂ ಕಂಪ್ಯೂಟರಿನಲ್ಲಿ ಒಂದೇ ಪುಟಕ್ಕೆ ಬರೆಯುವ ಏರ್ಪಾಟು. ಒಂದು ಮಗುವಿಗೆ ಒಂದು ಸಾಲು, ಒಂದು ವಿಷಯಕ್ಕೆ ಒಂದು ಚೌಕ. ಯಾರು ಯಾವ ಚೌಕದಲ್ಲಿದ್ದಾರೆ ಎಂದು ಅವರ ಹೆಸರಿನ ಬಣ್ಣದ ಗುರುತು ಎಲ್ಲರಿಗೂ ತೋರಿಸುತ್ತಿತ್ತು. ಏಳನೇ ತರಗತಿಯಲ್ಲಿ ಯಾರು ಮೇಲಕ್ಕೆ, ಯಾರು ಇನ್ನೊಂದು ವರ್ಷ ಅಲ್ಲೇ ಎಂದು ಹೆಡ್‌ಮಿಸ್ ಶುಕ್ರವಾರ ನಾಲ್ಕು ಗಂಟೆಗೆ ಅದನ್ನು ಓದಿ ತೀರ್ಮಾನಿಸುವವರಿದ್ದರು.

ಮೇಷ್ಟ್ರಿಗೆ ಚಿಂತೆ ಹತ್ತಿದ್ದು ಕೊನೇ ಬೆಂಚಿನ ಒಂದು ಹುಡುಗಿಯದು. ಜಪ್ಪಯ್ಯ ಅಂದರೂ ಬಾಯಿ ಬಿಡುವವಳಲ್ಲ. ಅವಳ ಸಾಲಿನ ಉಳಿದ ಐದೂ ಚೌಕಗಳಲ್ಲಿ 'ಏನೂ ಬರುವುದಿಲ್ಲ' ಎಂದೇ ಇತ್ತು. ಆದರೆ ಅದೇ ಹುಡುಗಿ ಚಿತ್ರದ ಪುಸ್ತಕದ ಕೊನೇ ಹಾಳೆಗಳಲ್ಲಿ ವಿಜ್ಞಾನದ ಪಾಠವನ್ನೆಲ್ಲ ಬಿಡಿಸಿ, ಹೃದಯದ ಕವಾಟಗಳಿಗೂ ಹೆಸರು ಬರೆದಿಟ್ಟಿದ್ದಳು. ಅದನ್ನು ಕಂಡವರು ಮೇಷ್ಟ್ರೊಬ್ಬರೇ.

ಬುಧವಾರ ಶೀಟ್ ತೆರೆದರು. ಗಣಿತದ ಮೇಡಂ ಹೆಸರಿನ ಗುಲಾಬಿ ಗುರುತು ಅದೇ ಸಾಲಿನಲ್ಲಿ ನಿಂತಿತ್ತು. ಪಾಪ, ಇನ್ನೂ ಏನೋ ಬರೀತಿದ್ದಾರೆ, ನಡುವೆ ಮೂಗು ತೂರಿಸಬಾರದು ಎಂದು ಮೆಲ್ಲಗೆ ಮುಚ್ಚಿದರು. ಗುರುವಾರ ನಾಲ್ಕು ಸಲ ಇಣುಕಿದರು, ಗುಲಾಬಿ ಅಲ್ಲೇ. ಎಷ್ಟು ಯೋಚಿಸಿ ಬರೆಯುತ್ತಾರಲ್ಲ ಎಂದು ಮೇಡಂ ಮೇಲೆ ಗೌರವ ಉಕ್ಕಿತು. ಶುಕ್ರವಾರ ಮೂರೂವರೆಗೂ ಅದು ಜಾಗ ಬಿಡದಿದ್ದಾಗ ಗೌರವ ಕರಗಿ, ಗಡಿಯಾರ ನೋಡತೊಡಗಿದರು.

ಶೀಟಿನ ಉಸ್ತುವಾರಿ ನೋಡುತ್ತಿದ್ದ ಲೈಬ್ರರಿಯವರ ಹತ್ತಿರ ಓಡಿದರು. "ಗಣಿತದ ಮೇಡಂ ಬರೆದು ಮುಗಿಸಿದ್ ಮೇಲೆ ಸ್ವಲ್ಪ ಹೇಳ್ತೀರಾ? ನಂದೂ ಎರಡು ಮಾತಿತ್ತು."

"ಅವರು ಬುಧವಾರ ಬೆಳಿಗ್ಗೆಯಿಂದ ರಜೆ ಸಾರ್. ಮಂಗಳವಾರ ಕಂಪ್ಯೂಟರ್ ಲ್ಯಾಬಲ್ಲಿ ಶೀಟ್ ಮುಚ್ಚದೇ ಹೋಗಿದಾರೆ, ಅಷ್ಟೇ. ಅವರಿದ್ರೂ ನೀವು ಬರೀಬಹುದಿತ್ತು. ಒಟ್ಟಿಗೆ ಬರೀಲಿ ಅಂತಾನೇ ಇದನ್ನ ಮಾಡಿರೋದು."

ಮೇಷ್ಟ್ರು ಒಂದೇ ಬೆರಳಲ್ಲಿ ಕುಟ್ಟತೊಡಗಿದರು. ಅರ್ಧ ಬರೆಯುವಷ್ಟರಲ್ಲಿ ಹೆಡ್‌ಮಿಸ್ ಹೆಸರಿನ ಹಸಿರು ಗುರುತು ಬಂದು ಪಕ್ಕದ ಚೌಕದಲ್ಲೇ ನಿಂತಿತು. ಅಭ್ಯಾಸಬಲದಿಂದ ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದೂ ಬಿಟ್ಟರು. ಆಮೇಲೆ ಮತ್ತೆ ಕೂತು ಮುಗಿಸಿದರು: 'ಇವಳನ್ನು ಕೇಳಬೇಡಿ. ಒಂದು ಹಾಳೆ ಕೊಟ್ಟು ಬಿಡಿಸಲು ಹೇಳಿ. ಎಲ್ಲ ಬರುತ್ತದೆ.'

ಹೆಡ್‌ಮಿಸ್ ಹುಡುಗಿಯನ್ನು ಕರೆಸಿ ಹಾಳೆ ಕೊಟ್ಟರು. ಅವಳು ಎರಡೂ ಬದಿ ತುಂಬಿಸಿ ಇನ್ನೊಂದು ಕೇಳಿದಳಂತೆ. ಎಂಟನೇ ತರಗತಿಗೆ ಅವಳ ಹೆಸರು ಬಂತು.

ಸೋಮವಾರ ಹೆಡ್‌ಮಿಸ್ ಸ್ಟಾಫ್‌ರೂಮಿಗೇ ಬಂದರು. "ಒಳ್ಳೇದಾಯ್ತು ಬಿಡಿ ಮೇಷ್ಟ್ರೇ. ಮೂರು ದಿನ ನಿಮ್ ಚೌಕ ಖಾಲಿ ನೋಡಿ, ಇವರಿಗೂ ಆ ಹುಡುಗಿ ಬಗ್ಗೆ ಹೇಳೋಕೆ ಏನೂ ಇಲ್ಲ ಅಂದ್ಕೊಂಡಿದ್ದೆ."

ಮೇಷ್ಟ್ರ ಮುಖ ಸಣ್ಣದಾಯಿತು. ಮೂರು ದಿನ ತಾವು ಕಾಪಾಡಿದ ಮರ್ಯಾದೆಯನ್ನು ಹೆಡ್‌ಮಿಸ್ ಆರನೆಯ 'ಏನೂ ಬರುವುದಿಲ್ಲ' ಎಂದೇ ಓದಿಕೊಂಡಿದ್ದರು.